ಹುಲಿಗೆವ್ವನ ಪಾಲಿಗೆ ಬಂದ ಬಂಡೆ

ಕರಿಮಣ್ಣಿನ ಒಂದು ರಾಜ್ಯ ಇತ್ತು. ರಾಜನ ಹೆಸರು ಕೇಳಬೇಡಿ ಮಕ್ಕಳೇ, ನನಗೆ ಮರೆತುಹೋಗಿದೆ. ಆ ರಾಜ್ಯದ ಒಂದು ಹಳ್ಳಿಯಲ್ಲಿ ಹುಲಿಗೆವ್ವ ಅನ್ನುವ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ. ಎರಡು ಚಿಕ್ಕ ಮಕ್ಕಳು. ಗಂಡನ ಅಣ್ಣ ಅಡಿವೆಪ್ಪ ಊರಿಗೆಲ್ಲ ದೊಡ್ಡ ಮನುಷ್ಯ, ಮನಸ್ಸು ಮಾತ್ರ ಸಾಸಿವೆಕಾಳಿನಷ್ಟು.

ಆಸ್ತಿ ಪಾಲಾಯಿತು. ಕರಿಮಣ್ಣಿನ ಎರೆ ಹೊಲವನ್ನೆಲ್ಲ ಅಡಿವೆಪ್ಪ ತಾನಿಟ್ಟುಕೊಂಡ. ಊರಾಚೆಯ ಹಾಸುಬಂಡೆಯನ್ನು ಹುಲಿಗೆವ್ವನಿಗೆ ತೋರಿಸಿದ. ಚಾಪೆ ಹಾಸಿದ ಹಾಗೆ ನೆಲಕ್ಕೆ ಮಲಗಿದ ದೊಡ್ಡ ಕಲ್ಲು ಅದು. ಒಂದು ಗರಿಕೆ ಕೂಡ ಅಲ್ಲಿ ಹುಟ್ಟುತ್ತಿರಲಿಲ್ಲ.

"ಹಗ್ಗ ಹಿಡಿದು ಅಳದು ನೋಡವಾ, ಸರಿಸಮ ಐತಿ," ಅಂದ. "ಸುಗ್ಗಿಯೊಳಗ ಇದರಿಂದ ಹೊಟ್ಟಿ ತುಂಬದಿದ್ರ ನಮ್ಮನಿ ಸಗಣಿ ಬಳಿಯಾಕ ಬಂದುಬಿಡು. ಹುಡುಗರು ದನ ಕಾಯ್ಲಿ."

ಹುಲಿಗೆವ್ವ ಹಲ್ಲು ಕಚ್ಚಿಕೊಂಡಳು. ತನ್ನ ಮಕ್ಕಳು ಇನ್ನೊಬ್ಬರ ಹಂಗಿನಲ್ಲಿ ಬೆಳೆಯಬಾರದು, ಅಷ್ಟೇ ಅವಳ ಹಟ.

ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಬಂಡೆಯ ಮೇಲೆ ಹರಡಿ ಬಿತ್ತಿದಳು. ಒಂದೇ ಮಳೆಗೆ ಮಣ್ಣೂ ಹೋಯಿತು, ಬೀಜವೂ ಹೋಯಿತು. ದಾರಿಯಲ್ಲಿ ಹೋಗುತ್ತಿದ್ದ ಅಡಿವೆಪ್ಪ ನಕ್ಕು, "ಬರ್ತೀಯೇನವಾ?" ಅಂದ.

ಬಂಡೆಯ ಬಿರುಕಿನಲ್ಲಿ ಕುಂಬಳದ ಬೀಜ ಊರಿದಳು. ಬಳ್ಳಿ ಗೇಣುದ್ದ ಬಂತು, ಬಿಸಿಲಿಗೆ ಕರಕಲಾಯಿತು. ಅಡಿವೆಪ್ಪ ಮತ್ತೆ ನಕ್ಕು, "ಬರ್ತೀಯೇನವಾ?" ಅಂದ.

ಕೊನೆಗೆ ಬಂಡೆಯನ್ನೇ ಒಡೆದು ಹಾಕುತ್ತೇನೆ ಅಂತ ಸೌದೆ ಒಟ್ಟಿ ಬೆಂಕಿ ಇಟ್ಟಳು. ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಅವಳ ಅಂಗೈ ಸುಟ್ಟಿತು. ಅಡಿವೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಬರ್ತೀಯೇನವಾ?"

ಸುಗ್ಗಿಯ ಹೊತ್ತಿಗೆ ಅಕಾಲ ಮಳೆ ಹಿಡಿಯಿತು. ಒಂದು ಗಳಿಗೆ ಮಳೆ, ಒಂದು ಗಳಿಗೆ ಬಿಸಿಲು. ಹುಲಿಗೆವ್ವ ಕೂಲಿಗೆ ಸಿಕ್ಕಿದ ಒದ್ದೆ ಸಜ್ಜೆಯ ಗಂಟನ್ನು ಪಕ್ಕಕ್ಕಿಟ್ಟು ಬಂಡೆಯ ಮೇಲೆ ಕೂತು ಅತ್ತಳು. ನಾಳೆ ಭಾವನ ಅಂಗಳಕ್ಕೆ ಹೋಗಲೇಬೇಕಲ್ಲ ಅಂತ ಎದೆ ಒಡೆದು ಅತ್ತಳು.

ಬಂಡೆಯ ತುದಿಯಲ್ಲಿ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತಿತ್ತು. "ಯಾಕಬೇ ಅಳ್ತಿ?" ಅಂತು.

"ಎಲ್ಲಾರಿಗೂ ಹೊಲ ಐತಿ. ನನಗ ಕಲ್ಲು ಬಂತು."

"ಮೂರು ಸಲ ನೋಡೇನಿ ನಿನ್ನ. ಮೂರು ಸಲಾನೂ ಇದನ್ನ ಹೊಲ ಮಾಡಾಕ ಹೊಂಟಿದ್ದಿ. ಇದು ಕಲ್ಲಾಗೇ ಏನು ಕೊಡತೈತಿ ಅಂತ ಒಮ್ಮೆರ ಕೇಳಿಯೇನು? ನಾನು ದಿನಾ ಇಲ್ಲೇ ಮೈ ಕಾಸ್ಕೊಂತೀನಿ. ಒಂದಿನಾನೂ ಬೈದಿಲ್ಲ."

ಹುಲಿಗೆವ್ವ ಕಣ್ಣೊರೆಸಿಕೊಂಡು ಬಂಡೆಗೆ ಕೈ ಇಟ್ಟಳು. ಬೆಳಗ್ಗೆ ಮಳೆ ಬಿದ್ದು ಊರೆಲ್ಲ ಮೊಣಕಾಲುದ್ದ ಕೆಸರು. ಬಂಡೆ ಮಾತ್ರ ಒಣಗಿ ಬೆಚ್ಚಗಿತ್ತು. ಗಂಟು ಬಿಚ್ಚಿ ಸಜ್ಜೆ ಹರಡಿದಳು. ಮಧ್ಯಾಹ್ನದ ಹೊತ್ತಿಗೆ ಕಾಳು ಗಲಗಲ ಅಂದವು.

ಎದ್ದವಳೇ ಊರಿಗೆ ಓಡಿದಳು. ಅಲ್ಲಿ ಕಣಗಳೆಲ್ಲ ಕೆಸರಾಗಿದ್ದವು. ತೆನೆ ರಾಶಿಯಲ್ಲೇ ಮೊಳಕೆ ಒಡೆಯುವ ಹಾಗಿತ್ತು. "ನನ್ನ ಬಂಡೆ ಮ್ಯಾಲ ಒಣಗಿಸ್ರಿ, ಅಲ್ಲೇ ಎತ್ತು ಕಟ್ಟಿ ತುಳಸ್ರಿ. ಗಾಡಿಗೊಂದು ಮೊರ ಕಾಳು ಕೊಟ್ರ ಸಾಕು," ಅಂದಳು. ಗಾಡಿಯ ಮೇಲೆ ಗಾಡಿ ಬಂತು. ಬಿಸಿಲು ಬಂದಾಗ ಹರಡಿದರು, ಮೋಡ ಕಂಡಾಗ ಬಾಚಿ ಮುಚ್ಚಿದರು. ಹುಲಿಗೆವ್ವನ ಗುಡಿಸಲಲ್ಲಿ ಗುಡಾಣ ತುಂಬಿತು. ಮಕ್ಕಳು ಹೊಟ್ಟೆ ತುಂಬ ರೊಟ್ಟಿ ತಿಂದರು.

ಅಡಿವೆಪ್ಪನ ಹೊಟ್ಟೆ ಉರಿಯಿತು. ಅವನ ಸಜ್ಜೆಯೂ ನೆನೆದಿತ್ತು. ಆದರೆ ಒಂದು ಮೊರ ಕಾಳು ಕೊಡಲು ಜೀವ ಬರಲಿಲ್ಲ. ನೆಟ್ಟಗೆ ರಾಜನ ಹತ್ತಿರ ಹೋದ.

"ದೊರಿಗಳಾ, ಪಾಲು ತಪ್ಪೈತ್ರಿ. ಬಂಡೇನ ದೊಡ್ಡ ಆಸ್ತಿ. ಅದು ಹಿರೇರಿಗೆ ಬರಬೇಕು."

ರಾಜ ಹುಲಿಗೆವ್ವನನ್ನು ಕರೆಸಿ, "ನೀನೇನು ಹೇಳುತ್ತೀಯವ್ವಾ?" ಅಂತ ಕೇಳಿದ.

ಹಳೇ ಹುಲಿಗೆವ್ವ ಆಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಈಗ ಅವಳು ಬಂದ ಮಾತನ್ನೂ ತಿರುಗಿಸಿ ನೋಡಲು ಕಲಿತಿದ್ದಳು.

"ಹಂಚೂವಾಗ ಭಾವ ಸರಿಸಮ ಐತಿ ಅಂದಿದ್ರು. ಈಗಿನ ಮಾತು ಖರೇನ ಇರಬೇಕ್ರಿ. ದೊಡ್ಡ ಆಸ್ತಿ ಅವರಿಗೇ ಇರ್ಲಿ. ಆ ಸಣ್ಣ ಆಸ್ತಿ, ಎರಿ ಹೊಲ, ನನಗ ಕೊಡಸ್ರಿ."

ಅಡಿವೆಪ್ಪ ಎರಡೂ ಕೈ ಅಡ್ಡ ಆಡಿಸಿದ. "ಅಯ್ಯಯ್ಯೋ, ಬ್ಯಾಡ್ರೀ! ಬಂಡೆಗಿಂತ ಹೊಲಾನ ದೊಡ್ಡದ್ರಿ!"

"ಹೌದಾ?" ಅಂದ ರಾಜ. "ಹಾಗಾದರೆ ಸರಿಸಮ ಅಂತ ಹಂಚಿದ್ದು ಹೇಗಯ್ಯಾ?"

ರಾಜ ಅಲ್ಲೇ ತೀರ್ಪು ಕೊಟ್ಟ. ಬಂಡೆ ಹುಲಿಗೆವ್ವನಿಗೇ ಉಳಿಯಿತು. ಎರೆ ಹೊಲದಲ್ಲಿ ಅರ್ಧ ಅವಳ ಮಕ್ಕಳಿಗಾಯಿತು.

ಮರುದಿನ ಅಡಿವೆಪ್ಪ ಒದ್ದೆ ಸಜ್ಜೆಯ ಗಾಡಿ ಹೊಡೆದುಕೊಂಡು ಬಂಡೆಯ ಅಂಚಿಗೆ ಬಂದು ತಲೆ ತಗ್ಗಿಸಿ ನಿಂತ. ಹುಲಿಗೆವ್ವ ಮೊರ ಹಿಡಿದು ನಿಂತಿದ್ದಳು. ಅವಳೇ ಕೇಳಿದಳು: "ಬರ್ತೀರೇನ್ರಿ ಭಾವ?"

ಅವನು ಬಂದ. ಎಲ್ಲರ ಹಾಗೆ ಗಾಡಿಗೊಂದು ಮೊರ ಅಳೆದು ಕೊಟ್ಟ.

ಅದಕ್ಕೇ ಮಕ್ಕಳೇ, ಕಷ್ಟ ಬಂದಾಗ ಇಲ್ಲದ್ದನ್ನು ನೆನೆದು ಅಳುತ್ತ ಕೂರಬೇಡಿ. ಕೈಯಲ್ಲಿ ಇರುವುದನ್ನೇ ಇನ್ನೊಂದು ಕಣ್ಣಿನಿಂದ ನೋಡಿ, ದಾರಿ ಅಲ್ಲೇ ಇರುತ್ತದೆ. ನಂಬಿಕೆ ಇಲ್ಲದಿದ್ದರೆ ಬಿಸಿಲಲ್ಲಿ ಕೂತ ಓತಿಕ್ಯಾತನನ್ನು ಕೇಳಿ. ಹೌದು ಹೌದು ಅಂತ ಅದು ಇವತ್ತಿಗೂ ತಲೆ ಆಡಿಸುತ್ತದೆ.