ಸಾವಿರ ಹೆಜ್ಜೆಯ ದುಭಾಷಿ

ಕಂಪ್ಯೂಟರಿನ ನಡುಮನೆಯಲ್ಲಿ, ಯಂತ್ರದ ಎಲ್ಲ ಕೆಲಸವನ್ನೂ ನಡೆಸುವ ಕರ್ನಲ್ ಎಂಬ ಯಜಮಾನನಿದ್ದ. ಸಣ್ಣದೊಂದು ನಿಯಮ ಬದಲಾಗಬೇಕಿದ್ದರೂ ಅವನನ್ನೇ ಹೊಸದಾಗಿ ಕಟ್ಟಿ, ಇಡೀ ಯಂತ್ರವನ್ನು ಆಫ್ ಮಾಡಿ ಆನ್ ಮಾಡಬೇಕಿತ್ತು. ಒಂದು ದಿನ, ಚೀಟಿಯಲ್ಲಿ ಬರೆದದ್ದನ್ನು ಸಾಲುಸಾಲಾಗಿ ಓದಿ ನಡೆಸಿಕೊಡುವ ಪುಟ್ಟ ದುಭಾಷಿ ಅವನ ಬಾಗಿಲಿಗೆ ಬಂದ.

"ಯಜಮಾನರೇ, ಒಳಗೆ ಒಂದು ಮೂಲೆ ಕೊಡಿ. ನಿಯಮಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ನಾನು ನಡೆಸುತ್ತೇನೆ; ಇನ್ನು ಮೇಲೆ ಚೀಟಿ ಬದಲಾಯಿಸಿದರೆ ಸಾಕು, ನಿಮ್ಮನ್ನು ಯಾರೂ ಮುಟ್ಟಬೇಕಿಲ್ಲ."

"ಹೊರಗೆ ಕೆಟ್ಟರೆ ನೀನೊಬ್ಬನೇ ಕೆಡುತ್ತೀಯ. ಇಲ್ಲಿ ಕೆಟ್ಟರೆ ಯಂತ್ರವೇ ನಿಂತುಹೋಗುತ್ತದೆ," ಎಂದ ಕರ್ನಲ್.

ದಿನವೂ ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ನಡುವೆ ಬಾಯಿ ಹಾಕಿದ: "ವರ್ಷದಿಂದ ನನ್ನ ಹತ್ತಿರ ಇದ್ದಾನೆ ಸ್ವಾಮಿ. ಒಮ್ಮೆ ಪರೀಕ್ಷೆ ಮಾಡಿ ನೋಡಿ."

ಕರ್ನಲ್ ಬೇಕೆಂದೇ ಕೊನೆಯಿಲ್ಲದ ಚೀಟಿಯೊಂದನ್ನು ಬರೆದ. ಅದರ ಕೊನೆಯ ಸಾಲು 'ಮತ್ತೆ ಮೊದಲ ಸಾಲಿಗೆ ಹೋಗು' ಎನ್ನುತ್ತಿತ್ತು. "ಇದನ್ನು ಮುಗಿಸಿ ತೋರಿಸು."

ದುಭಾಷಿ ಒಂದೊಂದು ಸಾಲಿಗೂ ಒಂದು ಹೆಜ್ಜೆ ಎಣಿಸುತ್ತಾ ಓದಿದ, ಮತ್ತೆ ಓದಿದ. ತಾನೇ ಹಾಕಿಕೊಂಡಿದ್ದ ಮಿತಿಯಾದ ಸಾವಿರನೆಯ ಹೆಜ್ಜೆಗೆ ಚೀಟಿಯನ್ನು ಕೆಳಗಿಟ್ಟು, ಕೆಲಸಕ್ಕೆಂದು ಪಡೆದಿದ್ದ ಮೆಮೊರಿಯನ್ನೆಲ್ಲ ಗುಡಿಸಿ ಒಪ್ಪಿಸಿ, "ಯಜಮಾನರೇ, ಇದು ನನ್ನಿಂದ ಆಗಲಿಲ್ಲ," ಎಂದ.

ಕರ್ನಲ್ ನಕ್ಕು ಪಕ್ಕಕ್ಕೆ ಸರಿದು ಜಾಗ ಮಾಡಿದ. "ಎಲ್ಲ ಮಾಡುತ್ತೇನೆಂದು ಈ ಬಾಗಿಲಿಗೆ ಬಂದವರು ನೂರು ಜನ. ಆಗಲಿಲ್ಲ ಎಂದು ನಿಂತವನು ನೀನೊಬ್ಬನೇ. ಒಳಗೆ ಬಾ."