ಉಂಡ ಎಲೆ ಎತ್ತುವವರು

ಮಠದ ಹಬ್ಬದ ಪಂಕ್ತಿಯಿಂದ ಮಾಳವ್ವನನ್ನು ಎಬ್ಬಿಸಿದರು. ಅದು ತಪ್ಪು. ಇಪ್ಪತ್ತು ವರ್ಷ ಆ ಮಠದ ಎಂಜಲೆಲೆ ಎತ್ತಿದವಳು, ಕಾಲು ನೋಯುತ್ತಿದೆ ಎಂದು ಆ ದಿನ ಪಂಕ್ತಿಯ ಕೊನೆಯಲ್ಲಿ ಒಂದು ಎಲೆ ಹಾಕಿಕೊಂಡು ಕೂತಳು. ಬಡಿಸುವವನು "ನಿನ್ನದು ಆಮೇಲೆ, ಏಳು" ಎಂದು ಅವಳ ಮುಂದಿನ ಎಲೆಯನ್ನು ಎಳೆದುಕೊಂಡ. ಅರವತ್ತು ಜನ ನೋಡಿದರು. ಅರವತ್ತು ಜನವೂ ಆಮೇಲೆ ಪಾಯಸ ಉಂಡರು.

ಊಟ ಮುಗಿಸಿ ಕೈ ತೊಳೆದುಕೊಂಡು ಬಂದ ಒಬ್ಬ ಶಿಷ್ಯ ಗುರುಗಳ ಮುಂದೆ ಕೂತ.

"ಗುರುಗಳೇ, ಮಾಳವ್ವ ಎದ್ದು ಹೋಗುವಾಗ ನನಗೆ ಅಳು ಬಂತು. ಅವಳನ್ನು ಎಬ್ಬಿಸಿದವನು ನಾನಲ್ಲ. ಅವಳಿಗಾಗಿ ಅತ್ತವನು. ನನ್ನ ಮೇಲೂ ತಪ್ಪಿದೆಯೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಹಡಗಿನಲ್ಲಿ ಮೆಣಸು ಹೇರಿಕೊಂಡು ಕಡಲಾಚೆಯ ನಾಡಿಗೆ ಹೋದ. ಸರಕು ಮಾರಿ ಆಯಿತು. ಹಿಂತಿರುಗಲು ಗಾಳಿ ಬೀಸಲಿಲ್ಲ. ಹಡಗು ದಡದಲ್ಲೇ ನಿಂತಿತು. ಅಷ್ಟರಲ್ಲಿ ಆ ನಾಡಿನ ಸುಗ್ಗಿ ಹಬ್ಬ ಬಂತು. ಅಂಗಡಿಗಳೆಲ್ಲ ಮುಚ್ಚಿದವು. ವ್ಯಾಪಾರಿಗೆ ಅಲ್ಲಿನ ಮಾತು ಅಷ್ಟಿಷ್ಟು ಬರುತ್ತಿತ್ತು. ಆದರೆ ಕರೆದು ಅನ್ನ ಹಾಕುವವರು ಯಾರೂ ಇರಲಿಲ್ಲ. ಹಸಿದುಕೊಂಡು ದಡದಲ್ಲಿ ಕೂತಿದ್ದ.

ಹಗ್ಗ ಹೊಸೆಯುವವನೊಬ್ಬ ಅವನನ್ನು ನೋಡಿದ. "ಹಬ್ಬದ ದಿನ ಹೀಗೆ ಕೂತರೆ ಹೇಗಪ್ಪಾ? ಎದ್ದು ಬಾ" ಎಂದು ಮನೆಗೆ ಕರೆದುಕೊಂಡು ಹೋದ.

ಮನೆಯವರು ಹೆಸರು ಕೇಳಿದರು. ಕುಲ ಕೇಳಲಿಲ್ಲ. ಅವನನ್ನು ಒಂದು ಮೂಲೆಯಲ್ಲಿ ಕೂರಿಸಲೂ ಇಲ್ಲ. ಕೈಗೆ ತೆಂಗಿನಕಾಯಿ ಕೊಟ್ಟು ತುರಿಯಲು ಹೇಳಿದರು. ಮಕ್ಕಳ ಜೊತೆ ಸೇರಿ ಅವನೂ ಬಾಗಿಲಿಗೆ ತೆನೆ ಕಟ್ಟಿದ. ಅವರು ಹಾಡಿದಾಗ ಪದ ಬಾರದೆ ಚಪ್ಪಾಳೆ ತಟ್ಟಿದ. ಊಟಕ್ಕೆ ಮನೆಯ ಅಜ್ಜಿಯ ಪಕ್ಕದಲ್ಲೇ ಅವನಿಗೆ ಬಾಳೆ ಎಲೆ ಹಾಕಿದರು. ಹೊಸ ಅಕ್ಕಿಯ ಅನ್ನ, ಬೆಲ್ಲ, ಕಾಯಿಹಾಲು. ಹೊಟ್ಟೆ ತುಂಬ ಉಂಡ.

ಉಂಡ ಮೇಲೆ ನಮ್ಮ ರೂಢಿಯಂತೆ ಎಲೆ ಮಡಚಿ ಸುತ್ತ ನೋಡಿದ. "ಎಲೆ ಎತ್ತುವವರು ಎಲ್ಲಿ?" ಎಂದು ಕೇಳಿದ.

ಮನೆಯವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ನಿಮ್ಮಲ್ಲಿ ಅದಕ್ಕೂ ಬೇರೆ ಜನ ಇರುತ್ತಾರಾ?" ಎಂದು ಹಗ್ಗದವನು ನಕ್ಕ.

ಆ ನಾಡಿನ ಪದ್ಧತಿ ಬೇರೆ. ಹಬ್ಬಕ್ಕೆ ಬಂದವನು ಉಂಡ ಎಲೆಯನ್ನು ಮನೆಯವರೇ ಎತ್ತಬೇಕು. ಎತ್ತಿದ ಮೇಲೆಯೇ ಹಬ್ಬ ಪೂರ್ತಿ. ಮನೆಯ ಅಣ್ಣ ತಮ್ಮ ಇಬ್ಬರೂ ಅವನ ಎಲೆಗೆ ಕೈ ಹಾಕಿದರು. ನಾನು ತಾನು ಎಂದು ಜಗಳಕ್ಕೆ ನಿಂತರು. ಅಜ್ಜಿ ಇಬ್ಬರ ಕೈಗೂ ಒಂದೊಂದು ಏಟು ಹಾಕಿದಳು.

"ಬಿಡ್ರೋ. ನಿಮಗೆ ಇನ್ನೂ ಬೇಕಾದಷ್ಟು ಹಬ್ಬ ಇವೆ. ನನಗೆ ಇನ್ನೆಷ್ಟಿವೆಯೋ."

ವ್ಯಾಪಾರಿ ಗಾಬರಿಯಾಗಿ ಎಲೆಯನ್ನು ಅದುಮಿ ಹಿಡಿದ. "ಬೇಡ ತಾಯಿ, ಅದು ಎಂಜಲು."

"ನಮ್ಮ ಮನೆಯ ಅನ್ನ ತಾನೇ ಮಗಾ? ನೀನು ಮುಟ್ಟಿದ್ದಕ್ಕೆ ವಿಷವಾಯಿತೇ? ಕೈ ತೆಗಿ."

ಅಜ್ಜಿ ಎಲೆ ಎತ್ತಿದಳು. ವ್ಯಾಪಾರಿ ಅತ್ತ. ಆ ಅಳುವಿನಲ್ಲಿ ಸುಳ್ಳಿರಲಿಲ್ಲ.

ಗಾಳಿ ಬೀಸಿತು. ವ್ಯಾಪಾರಿ ಊರಿಗೆ ಬಂದ. ಅಂದಿನಿಂದ ಪ್ರತಿ ಯುಗಾದಿಗೆ ನೂರು ಜನರನ್ನು ಕರೆದು ಊಟ ಹಾಕಿಸಿದ. ಊಟ ಮುಗಿದು ಜನ ಎಲೆಯ ಮುಂದೆ ಕೂತಿರುವಾಗಲೇ ಆ ಅಜ್ಜಿಯ ಕತೆ ಹೇಳುತ್ತಿದ್ದ. ಅಜ್ಜಿ ಎಲೆ ಎತ್ತುವ ಮಾತು ಬಂದಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ನೂರು ಜನರ ಕಣ್ಣೂ ಒದ್ದೆಯಾಗುತ್ತಿತ್ತು. ಎಂಥ ಮೃದು ಮನಸ್ಸು ಎಂದು ಊರು ಅವನನ್ನು ಹೊಗಳಿತು.

ಅವನ ಮನೆಯಲ್ಲಿ ಎಲೆ ಎತ್ತಲು ಒಬ್ಬ ಮುದುಕಿ ಇದ್ದಳು. ಜನ ಏಳುವವರೆಗೆ ಅವಳು ಎಲೆ ಎತ್ತುವಂತಿಲ್ಲ. ಎಲೆ ಎತ್ತಿ ನೆಲ ಸಾರಿಸುವವರೆಗೆ ಉಣ್ಣುವಂತಿಲ್ಲ. ಉಣ್ಣುವುದೂ ಹಿತ್ತಿಲಲ್ಲಿ, ಉಳಿದದ್ದನ್ನು. ಕತೆ ಮುಗಿಯುವವರೆಗೂ ಅವಳು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕಿತ್ತು. ಹಾಗೆ ನಿಂತುಕೊಂಡೇ ಏಳು ವರ್ಷ ಆ ಕತೆ ಕೇಳಿದಳು.

ಎಂಟನೆಯ ವರ್ಷ ಕತೆ ಮುಗಿದಾಗ ಬಾಯಿ ಬಿಟ್ಟಳು. "ಒಡೆಯಾ, ಎಲೆ ಎತ್ತುವಾಗ ಆ ಅಜ್ಜಿಯ ಊಟ ಆಗಿತ್ತಾ?"

"ಆಗಿತ್ತಲ್ಲ! ನನ್ನ ಪಕ್ಕದಲ್ಲೇ ಕೂತು ಉಂಡಳು. ನನಗಿಂತ ಎರಡು ತುತ್ತು ಹೆಚ್ಚೇ ಉಂಡಳು" ಎಂದ ವ್ಯಾಪಾರಿ. ಜನ ನಕ್ಕರು.

ಮುದುಕಿ ನಗಲಿಲ್ಲ. "ಹಂಗಾದರೆ ಅವಳು ಎತ್ತಿದ್ದು ಬೇರೆ, ನಾನು ಎತ್ತುವುದು ಬೇರೆ. ಅತ್ತಿದ್ದು ಮುಗಿದಿದ್ದರೆ ಎಲ್ಲರೂ ಏಳಿ. ನನಗೆ ಹಸಿವಾಗಿದೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ವ್ಯಾಪಾರಿಗೆ ನಾಚಿಕೆಯಾಯಿತೇ ಗುರುಗಳೇ? ಅವಳನ್ನು ಕೂರಿಸಿ ಬಡಿಸಿದನೇ?"

"ನಾಚಿಕೆಯಾಯಿತು. ಮುಂದಿನ ವರ್ಷ ಅವಳ ಮಾತನ್ನೂ ಕತೆಗೆ ಸೇರಿಸಿಕೊಂಡ. ಕತೆ ಉದ್ದವಾಯಿತು. ಜನ ಇನ್ನೂ ಹೆಚ್ಚು ಅತ್ತರು. ಅವಳು ಬುಟ್ಟಿ ಹಿಡಿದು ಬಾಗಿಲಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಳು."

ಶಿಷ್ಯನ ಕಣ್ಣು ಮತ್ತೆ ತುಂಬಿತು. ಒಳಗೆ ಮಾಳವ್ವ ಎಂಜಲೆಲೆ ಬುಟ್ಟಿಗೆ ತುಂಬುವ ಸದ್ದು ಕೇಳುತ್ತಿತ್ತು. ಅವಳು ಇನ್ನೂ ಉಂಡಿರಲಿಲ್ಲ.

"ಆ ಪಂಕ್ತಿಯಲ್ಲಿ ನಾನೂ ಇದ್ದೆ. ನಾನೂ ಪಾಯಸ ಉಂಡೆ" ಎಂದರು ಗುರುಗಳು. ಹೇಳಿ ಎದ್ದು ನಿಂತರು.

ಶಿಷ್ಯ ತಲೆ ತಗ್ಗಿಸಿದ.

"ಕಣ್ಣು ಒರೆಸಿಕೋ, ಮಾಳವ್ವನ ಕೈಯಿಂದ ಬುಟ್ಟಿ ತೆಗೆದುಕೊಂಡು ಅವಳನ್ನು ಪಂಕ್ತಿಯ ಮೊದಲಲ್ಲಿ ಕೂರಿಸು, ನಾನು ಬಡಿಸುತ್ತೇನೆ, ಅವಳು ಉಂಡ ಎಲೆಯನ್ನು ನೀನು ಎತ್ತು."