ಆಲೆಮನೆಯ ದಿಮ್ಮಿ

“ಅಯ್ಯನವರೇ, ಮಕ್ಕಳು ಒಳಗಿದ್ದರೆ ಆರಾಧನೆ ಕೆಡುತ್ತದೆ. ಮುಗಿಯುವ ತನಕ ಅವರನ್ನು ಹೊರಗೆ ಬಿಟ್ಟರೆ ತಪ್ಪೇನು?”

ಹೀಗೆ ಕೇಳಿದವನು ಯೋನಾತಾನ, ನಾಲೆಯ ಪಕ್ಕದ ಚರ್ಚಿಗೆ ಹೊಸದಾಗಿ ಬಂದ ಸಭಾಪಾಲಕ. ಕೇಳಿಸಿಕೊಂಡವರು ಅವನಿಗೆ ಸತ್ಯವೇದ ಕಲಿಸಿದ ದಾನಿಯೇಲಪ್ಪ ಅಯ್ಯನವರು. ಆ ಭಾನುವಾರ ಪ್ರಸಂಗ ಮಾಡಲು ಬಂದಿದ್ದರು. ಆರಾಧನೆಗೆ ಕರೆಯುವ ಮೊದಲ ಗಂಟೆ ಬಾರಿಸಿ ಆಗಿತ್ತು, ಎರಡನೆಯದು ಇನ್ನೂ ಆಗಬೇಕಿತ್ತು.

ಯೋನಾತಾನನ ಕಷ್ಟ ಸುಳ್ಳಲ್ಲ. ಈಚೆಗೆ ನಾಲೆಯಾಚೆಯ ಗುಡಿಸಲುಗಳಿಂದಲೂ ಮಕ್ಕಳು ಬರತೊಡಗಿದ್ದವು. ಪ್ರಾರ್ಥನೆಯ ನಡುವೆ ನಗುತ್ತಿದ್ದವು, ಬೆಂಚಿನ ಕೆಳಗೆ ತೂರುತ್ತಿದ್ದವು. ಇದು ಚರ್ಚೋ ಸಂತೆಯೋ ಎಂದು ಸಭೆಯ ಹಿರಿಯರು ಮುಖ ಗಂಟಿಕ್ಕಿದ್ದರು. ಹೀಗೇ ನಡೆದರೆ ಬೇರೆ ಪಾಲಕರನ್ನು ಕೇಳಬೇಕಾಗುತ್ತದೆ ಎಂದೂ ಹೇಳಿದ್ದರು. ಅದಕ್ಕೇ ಅವನು ಆ ಬೆಳಿಗ್ಗೆ ಮಕ್ಕಳನ್ನೆಲ್ಲ ಹಿಂದಿನ ಅಂಗಳಕ್ಕೆ ಕಳಿಸಿ, ಅತ್ತ ಕಡೆಯ ಬಾಗಿಲಿಗೆ ಅಗುಳಿ ಹಾಕಿದ್ದ. ಆ ಅಂಗಳಕ್ಕೆ ಬೇಲಿಯಿಲ್ಲ, ಅದು ನಾಲೆಯ ಏರಿಯವರೆಗೂ ಹೋಗುತ್ತದೆ. ಮಕ್ಕಳ ಕೂಗಾಟ ಇವರು ಕೂತಿದ್ದ ಒಳಕೋಣೆಗೂ ಬರುತ್ತಿತ್ತು. ಅವನು ಎದ್ದು ಕಿಟಕಿಯನ್ನೂ ಮುಚ್ಚಿ ಬಂದು ಕೂತ. ಮುಚ್ಚಿದರೂ ಕೇಳುತ್ತಿತ್ತು.

ಅಯ್ಯನವರು ಕನ್ನಡಕ ತೆಗೆದು ಮಡಿಚಿಟ್ಟರು. ತಪ್ಪು ಒಪ್ಪು ಆಮೇಲೆ ನೋಡೋಣ, ಮೊದಲು ಒಂದು ಕತೆ ಕೇಳು ಎಂದರು.

ಒಬ್ಬ ರೈತನಿಗೆ ಅಪ್ಪನಿಂದ ಒಂದು ಆಲೆಮನೆ ಬಂತು. ಆಲೆಮನೆ ಎಂದಮೇಲೆ ಬೆಲ್ಲದ ಘಮಕ್ಕೆ ಮಕ್ಕಳು ಬಂದೇ ಬರುತ್ತವೆ. ಬಂದ ಮಗುವನ್ನು ಬರಿಗೈಯಲ್ಲಿ ಕಳಿಸಬಾರದು, ಅದು ಆ ಸೀಮೆಯ ಪದ್ಧತಿ. ಅಪ್ಪ ಬಾಗಿಲ ಒಳಗೆ, ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಎದುರಾಗಿ, ಒಂದು ಮರದ ದಿಮ್ಮಿ ಹಾಕಿಸಿದ್ದ. ಮಕ್ಕಳು ಮುತ್ತುಗದ ಎಲೆ ಹಿಡಿದು ಬಂದು ಅದರ ಮೇಲೆ ಕೂರುತ್ತಿದ್ದವು. ಬೆಲ್ಲ ಇಳಿದ ಕೂಡಲೇ ಮೊದಲ ತುತ್ತು ಅವಕ್ಕೆ. ಯಜಮಾನನ ನಾಲಿಗೆಗೆ ಆಮೇಲೆ.

ಮಗ ಜಿಪುಣನಲ್ಲ, ಪುಕ್ಕಲ. ಪಕ್ಕದ ಊರಿನಲ್ಲಿ ಒಂದು ಮಗು ಕುದಿಯುವ ಕಬ್ಬಿನ ಹಾಲಿಗೆ ಬಿತ್ತೆಂದು ಯಾರೋ ಹೇಳಿದರು. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ದಿಮ್ಮಿ ಇರುವುದರಿಂದಲೇ ಮಕ್ಕಳು ಬರುತ್ತವೆ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ಸೀಳಿಸಿ ಒಲೆಗೆ ಹಾಕಿಸಿದ. ಬಾಗಿಲಿಗೆ ಮುಳ್ಳು ಬಡಿಸಿದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಎಂದು ಊರವರು ನಕ್ಕರು. ನಗಲಿ ಎಂದುಕೊಂಡ. ಮಕ್ಕಳ ಸದ್ದು ಅಡಗಿತು, ಅವನು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಒಂದು ಸಂಜೆ ಪಾಕ ಹದಕ್ಕೆ ಬರುತ್ತಿತ್ತು. ಗಾಣದ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳದು. ರೈತ ಕೊಪ್ಪರಿಗೆಯ ಮುಂದೆ ನಿಂತು, ನೀರಿಗೆ ಪಾಕ ಬಿಟ್ಟು ಹದ ನೋಡುತ್ತಿದ್ದ. ಅವನ ಬೆನ್ನ ಹಿಂದೆ, ಆಲೆಮನೆಯ ಹಿಂಬದಿಯಲ್ಲಿ, ಹಿಂಡಿದ ಕಬ್ಬಿನ ಸಿಪ್ಪೆಯ ರಾಶಿ ಗೋಡೆಯಷ್ಟು ಎತ್ತರ ಬಿದ್ದಿತ್ತು. ಒಲೆ ಉರಿಸುವವನು ಅದಕ್ಕೆ ಕವೆಗೋಲು ಚುಚ್ಚಿ ಎಳೆದು ಬೆಂಕಿಗೆ ನೂಕುತ್ತಿದ್ದ. ಬೆಳಗಿನಿಂದ ಅದೇ ಕೆಲಸ. ಯಾರೂ ಅದನ್ನು ಕಣ್ಣಿಟ್ಟು ಮಾಡುವುದಿಲ್ಲ.

ರೈತ ಒಮ್ಮೆ ಹಿಂದೆ ತಿರುಗಿದಾಗ ರಾಶಿ ಅಲುಗಿತು. ನಾಯಿ ಇರಬೇಕು ಎಂದುಕೊಂಡ. ಮತ್ತೆ ಅಲುಗಿತು. ಸಿಪ್ಪೆಯ ನಡುವಿನಿಂದ ಒಂದು ಹಸಿರು ಎಲೆ ಹೊರಗೆ ಬಂತು. ಎಲೆಯ ಹಿಂದೆ ಪುಟ್ಟ ಬೆರಳುಗಳು. ಕವೆಗೋಲು ಅದೇ ಜಾಗಕ್ಕೆ ಚುಚ್ಚಲು ಮೇಲೇಳುತ್ತಿತ್ತು.

ರೈತ ಕೂಗಿದ. ಕೂಗನ್ನು ಗಾಣ ನುಂಗಿತು. ಕೈಯಲ್ಲಿದ್ದುದನ್ನು ಬಿಸಾಡಿ ಓಡಿದ. ಒಲೆ ಉರಿಸುವವನ ತೋಳು ಹಿಡಿಯಲು ಹೋದ, ಎಟುಕಲಿಲ್ಲ. ಇಳಿಯುತ್ತಿದ್ದ ಕವೆಗೆ ತನ್ನ ಅಂಗೈಯನ್ನೇ ಒಡ್ಡಿದ. ಕವೆ ಅಂಗೈ ಸೀಳಿ ನಿಂತಿತು.

ಇನ್ನೊಂದು ಕೈಯಲ್ಲಿ ಮಗುವನ್ನು ಹೊರಗೆಳೆದ. ಐದಾರು ವರ್ಷದ ಹುಡುಗಿ. ತಲೆ ತುಂಬ ಸಿಪ್ಪೆ, ಕೈಯಲ್ಲಿ ಎಲೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳು ಅಳಲಿಲ್ಲ, ಅತ್ತವನು ಅವನು. ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿದ.

“ಮುಂದ್ಗಡೆ ಮುಳ್ಳು ಹಾಕಿದ್ದೀಯಲ್ಲ ಮಾವ,” ಎಂದಳು. “ಅದ್ಕೇ ಹಿಂದಿಂದ ಬತ್ತೀನಿ. ದಿನಾ ಬತ್ತೀನಿ.”

ಕೊಪ್ಪರಿಗೆಯಲ್ಲಿ ಪಾಕ ಸೀದು ಹೋಯಿತು. ರೈತ ಅತ್ತ ನೋಡಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಹೋಗಿ ಬಾಗಿಲ ಮುಳ್ಳು ಕಿತ್ತ. ಬೆಳಗಾದ ಮೇಲೆ ಹುಣಸೆಯ ಹೊಸ ದಿಮ್ಮಿಯೊಂದನ್ನು ಎಳೆಸಿ ತಂದ. ಎಲ್ಲಿ ಹಾಕಬೇಕೆಂದು ಯಾರನ್ನೂ ಕೇಳಲಿಲ್ಲ. ಕೊಪ್ಪರಿಗೆಯ ಮುಂದೆ ತಾನು ನಿಲ್ಲುವಲ್ಲಿ ನಿಂತು, ಕಣ್ಣೆತ್ತಿದರೆ ಕಾಣುವ ಕಡೆಗೆ ಕೈ ತೋರಿಸಿದ. ಅಪ್ಪನ ಹಳೆಯ ದಿಮ್ಮಿ ಇದ್ದ ಗುರುತು ಅದೇ ನೆಲದಲ್ಲಿ ಇನ್ನೂ ಅಚ್ಚೊತ್ತಿತ್ತು.

ಅಯ್ಯನವರು ಕತೆ ನಿಲ್ಲಿಸಿದರು. ಯೋನಾತಾನನಿಗೆ ಕತೆ ಎದೆಗೆ ತಾಗಿತು, ಆದರೂ ಒಪ್ಪಿಬಿಡಲು ಮನಸ್ಸು ಬರಲಿಲ್ಲ. ಹಿರಿಯರ ಮುಖಗಳು ಕಣ್ಣ ಮುಂದೆ ಇದ್ದವು.

“ಅಲ್ಲಿ ಬೆಂಕಿ ಇತ್ತು, ಅಯ್ಯನವರೇ,” ಎಂದ. “ಇಲ್ಲಿ ಮಕ್ಕಳು ಸುಮ್ಮನೆ ಆಡಿಕೊಂಡಿರುತ್ತವೆ.”

ಅಯ್ಯನವರು ತಲೆ ಓರೆ ಮಾಡಿ ಮುಚ್ಚಿದ ಕಿಟಕಿಯ ಕಡೆಗೆ ಕಿವಿಗೊಟ್ಟರು. ಯೋನಾತಾನನೂ ಕಿವಿಗೊಟ್ಟ. ನಾಲೆಯ ನೀರು ಹರಿಯುವುದು ಕೇಳಿಸಿತು.

“ಹೊರಗಿನ ಸದ್ದು ನಿಂತು ಬಹಳ ಹೊತ್ತಾಯಿತು, ಮಕ್ಕಳು ಎಲ್ಲಿದ್ದಾರೆ, ಯೋನಾತಾನ?”